ಎರಡು ಚೆಂಡಿನ ಬಳೆ

ಮಂಡ್ಯದವರ ಎದುರು ಮದ್ದೂರಿನ ಬ್ಯಾಸ್ಕೆಟ್ ಬಾಲ್ ತಂಡ ಹದಿನಾಲ್ಕು ಪಾಯಿಂಟುಗಳಿಂದ ಸೋತ ಸಾಯಂಕಾಲ, ಆಡಿದವರಿಗಿಂತ ಹೆಚ್ಚು ಒದ್ದಾಡಿದವನು ಆಟ ನೋಡಲು ಹೋಗಿದ್ದ ಅಸದುಲ್ಲಾ. ಆಡಿದ ಹುಡುಗರು ಬೆವರೊರೆಸಿಕೊಂಡು ನೀರು ಕುಡಿದು ನೆಲಕ್ಕೆ ಕೂತರು. ಇವನು ಕೂರಲಿಲ್ಲ. ಅಂಕಣದ ಈ ತುದಿಯ ಕಂಬದ ಬುಡದಲ್ಲಿ ನಿಂತು ಮೇಲಿದ್ದ ಕಬ್ಬಿಣದ ಬಳೆಯನ್ನು ನೋಡಿದ. ಆ ತುದಿಗೆ ಹೋಗಿ ಅಲ್ಲಿಯದನ್ನೂ ನೋಡಿದ. ಮತ್ತೆ ಈ ತುದಿಗೆ ಬಂದ. ಚೆಂಡು ಮೇಲಿಂದ ತೂರಿ ಇಳಿಯಬೇಕಾದ ಆ ಬಳೆಗೆ ಮದ್ದೂರಿನ ಹುಡುಗರು ಎಸೆದದ್ದರಲ್ಲಿ ಮುಕ್ಕಾಲು ಪಾಲು ಅಂಚಿಗೆ ಬಡಿದು ಆಚೆ ಚಿಮ್ಮಿತ್ತು. ಒಂದು ಬೆರಳಿನಷ್ಟೇ ತಪ್ಪು, ಆದರೆ ಪ್ರತಿ ಸಲವೂ ಅಷ್ಟೇ ತಪ್ಪು.

ಅಸದುಲ್ಲಾ ಮದ್ದೂರಿನಲ್ಲಿ ಶಿಂಷಾ ಸೇತುವೆಯ ಈಚೆ ಗಾಡಿ ಚಕ್ರಗಳಿಗೆ ಕಬ್ಬಿಣದ ಪಟ್ಟಾ ಹಾಕುವವನು. ವಯಸ್ಸು ಐವತ್ತು ದಾಟಿತ್ತು. ಬ್ಯಾಸ್ಕೆಟ್ ಬಾಲನ್ನು ಒಂದು ದಿನವೂ ಆಡಿದವನಲ್ಲ. ಆದರೆ ಯಾವ ಕಬ್ಬಿಣ ಹಿರಿದು, ಯಾವುದು ಕಿರಿದು ಎಂದು ಹತ್ತು ಮಾರು ದೂರದಿಂದ ಹೇಳಬಲ್ಲ ಕಣ್ಣು ಅವನದು. ಮಂಡ್ಯದ ಬಳೆ ಚಿಕ್ಕದು ಎಂದು ಆ ಕಣ್ಣು ಹೇಳುತ್ತಿತ್ತು.

ಅವನು ಆ ಮಾತನ್ನು ಮರಿಸಿದ್ದಯ್ಯನ ಕಿವಿಗೆ ಹಾಕಿದ. ಮರಿಸಿದ್ದಯ್ಯನದು ಬೆಲ್ಲದ ಮಂಡಿ. ಹುಡುಗರಿಗೆ ಆಡಲು ಮಂಡಿಯ ಹಿಂದಿನ ಗಾಡಿ ನಿಲ್ಲಿಸುವ ಜಾಗ ಬಿಟ್ಟುಕೊಟ್ಟವನು, ಆದ್ದರಿಂದ ತಂಡಕ್ಕೆ ತಾನೇ ಯಜಮಾನ ಎಂದುಕೊಂಡವನು. ಸೋಲಿಗೆ ಕಾರಣ ಹುಡುಕುತ್ತಿದ್ದವನಿಗೆ ಕಾರಣ ತಾನಾಗಿಯೇ ಕೈಗೆ ಬಂದಿತ್ತು. ನಿಂತ ಕಾಲಲ್ಲೇ ನಾಲ್ಕು ಜನರನ್ನು ಕರೆದ. ಅವರು ಅಸದುಲ್ಲಾನನ್ನು ಹೆಗಲ ಮೇಲೆ ಎತ್ತಿದರು. ಅವನು ಸೊಂಟದಿಂದ ಚಕ್ರ ಅಳೆಯುವ ದಾರ ತೆಗೆದು ಬಳೆಯ ಒಳಸುತ್ತಿಗೆ ಹಿಡಿದು, ಸುತ್ತು ಮುಗಿದಲ್ಲಿ ಗಂಟು ಹಾಕಿಕೊಂಡ. ಮಂಡ್ಯದವರು ನಗುತ್ತಾ ನಿಂತಿದ್ದರು.

"ನಮ್ಮ ಬಳೆ ಇದ್ಕಿಂತ ದೊಡ್ದು ಕಣ್ರಪ್ಪ. ನೀವು ಚಿಕ್ದು ಮಾಡವ್ರೆ," ಎಂದು ಅಸದುಲ್ಲಾ ಹೆಗಲ ಮೇಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದ.

"ಅಂಗಾರೆ ನಾವೆಂಗ್ಲಾ ಆಕುದ್ವಿ?" ಎಂದು ಮಂಡ್ಯದವನೊಬ್ಬ ಕೇಳಿದ. ಮದ್ದೂರಿನವರು ಅಸದುಲ್ಲಾನನ್ನು ಇಳಿಸಿಕೊಂಡು ಬಸ್ಸಿನ ಕಡೆ ನಡೆದರು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ಪೆಟ್ರೋಲ್ ಸಿಗದೆ ಬಸ್ಸುಗಳು ಇನ್ನೂ ಇದ್ದಲಿನ ಹೊಗೆಯಲ್ಲೇ ಓಡುತ್ತಿದ್ದವು. ಏರು ಬಂದಲ್ಲಿ ಇಳಿದು ತಳ್ಳುವುದು, ಹತ್ತಿ ಕೂತು ಬಯ್ದುಕೊಳ್ಳುವುದು, ಹೀಗೆ ಊರಿಗೆ ಬಂದರು. ದಾರಿಯುದ್ದಕ್ಕೂ ಮಂಡ್ಯದವರ ಮೋಸದ ಮಾತೇ. ಮೇಲಿನವರಿಗೆ ಅರ್ಜಿ ಬರೆಸುತ್ತೇನೆ ಎಂದ ಮರಿಸಿದ್ದಯ್ಯ. ಆ ಮಾತು ಹಳಸಿದ ಮೇಲೆ ಹಳೆಯ ಮಾತು ಬಂತು.

ಹಳೆಯ ಮಾತೆಂದರೆ ಹಳೆಯ ತಂಡ. ಯುದ್ಧಕ್ಕೆ ಮುಂಚೆ ಮದ್ದೂರಿನ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರೊಬ್ಬರು ಇದ್ದರು. ಅವರೇ ಈ ಆಟ ತಂದು ಹಾಕಿದವರು. ಬಳೆಗಳನ್ನು ಬೆಂಗಳೂರಿನಿಂದ ತರಿಸಿದ್ದರು. ಆಗ ತಂಡಕ್ಕೆ ಮಾದಯ್ಯ ನಾಯಕ. ಬಾಗಿಲಲ್ಲಿ ಬಗ್ಗಿ ಬರುವಂಥ ಎತ್ತರದ ಆಳು. ಅವನ ತಂಡ ಮಂಡ್ಯಕ್ಕೆ ಹೋಗಿ ಗೆದ್ದಿತ್ತು, ಮಳವಳ್ಳಿಗೆ ಹೋಗಿಯೂ ಗೆದ್ದಿತ್ತು. ಆಮೇಲೆ ಮೂವರು ಸೈನ್ಯ ಸೇರಿದರು, ಇಬ್ಬರು ರೈಲ್ವೆ ಸೇರಿದರು, ಮೇಷ್ಟ್ರಿಗೆ ವರ್ಗವಾಯಿತು. ಕಂಬಗಳನ್ನು ಗೆದ್ದಲು ತಿಂದಿತು. ಕಬ್ಬಿಣ ಸಿಕ್ಕದ ಕಾಲದಲ್ಲಿ ಬಳೆಗಳನ್ನು ಯಾರೋ ಹೊತ್ತುಕೊಂಡು ಹೋದರು.

ಈಗ ಆಡುತ್ತಿರುವುದು ಚಿಕ್ಕಣ್ಣ ಕಟ್ಟಿದ ಹೊಸ ತಂಡ. ಅದರಲ್ಲಿ ಹಿರಿಯನಿಗೆ ಹತ್ತೊಂಬತ್ತು ವರ್ಷ. ಅವರಾಗಿಯೇ ಕಂಬ ಕಡಿದು ತಂದು ನೆಟ್ಟರು. ಎರಡು ಬಳೆಗಳನ್ನೂ ಅಸದುಲ್ಲಾ ಬಡಿದುಕೊಟ್ಟ. ಒಂದು ವರ್ಷದಲ್ಲಿ ಊರೊಳಗೆ ಆಡಿದ ನಾಲ್ಕು ಆಟವನ್ನೂ ಹುಡುಗರು ಗೆದ್ದರು. ಹೊರಗೆ ಆಡಿದ ಮೂರನ್ನೂ ಸೋತರು. ಇದಕ್ಕೆ ಜನ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನೀರು ಒಗ್ಗಲಿಲ್ಲ, ಕಣ್ಣು ಬಿತ್ತು, ಹೊರಗಿನವರನ್ನು ಕಂಡರೆ ಹುಡುಗರಿಗೆ ಕೈ ನಡುಗುತ್ತದೆ. ಬಸ್ಸು ಮದ್ದೂರಿಗೆ ಬರುವಷ್ಟರಲ್ಲಿ ಮರಿಸಿದ್ದಯ್ಯ ತೀರ್ಮಾನ ಕೊಟ್ಟಾಗಿತ್ತು. ಬರುವ ಭಾನುವಾರ ಮಳವಳ್ಳಿಯವರು ಮದ್ದೂರಿಗೆ ಬರುತ್ತಾರೆ. ಅವರ ಕೈಲೂ ಸೋತರೆ ಈ ತಂಡ ಮುಗಿಯಿತು. ಮಾದಯ್ಯ ಹೇಗೂ ಸೈನ್ಯದಿಂದ ವಾಪಸು ಬಂದಿದ್ದಾನೆ, ಹಳಬರನ್ನೇ ಕೂಡಿಸಿದರಾಯಿತು. ಹಿಂದಿನ ಸೀಟಿನಲ್ಲಿದ್ದ ಚಿಕ್ಕಣ್ಣ ಕಿಟಕಿಯ ಆಚೆ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

ಬೆಳಗಾದರೆ ಸೋಮವಾರ. ಅಸದುಲ್ಲಾ ಕುಲುಮೆ ಹೊತ್ತಿಸುವ ಮೊದಲೇ ಮಂಡಿಯ ಹಿಂದಕ್ಕೆ ಹೋದ. ಏಣಿ ಹಾಕಿ ತನ್ನ ಬಳೆಗೆ ಅದೇ ದಾರ ಹಿಡಿದ. ಅರ್ಧ ಗೇಣು ಸಾಲದೆ ಬಂತು. ಸರಿ, ಮೋಸ ಕೈಯಲ್ಲೇ ಸಿಕ್ಕಿತು ಎಂದುಕೊಂಡ. ಸಾಕ್ಷಿಗೆ ಇರಲೆಂದು ಮಾದಯ್ಯನ ಮನೆಗೆ ನಡೆದ.

ಮಾದಯ್ಯ ಜಗಲಿಯ ಮೇಲೆ ಒಂದು ಕಾಲನ್ನು ನೀಡಿಕೊಂಡು ಕೂತಿದ್ದ. ದಾರವನ್ನೂ ಕೇಳಲಿಲ್ಲ, ಮೋಸವನ್ನೂ ಕೇಳಲಿಲ್ಲ. ಬಳೆ ಎಲ್ಲಿಯದಾದರೂ ಅಡ್ಡಳತೆ ಹದಿನೆಂಟು ಇಂಚು ಇರಬೇಕು, ಮೇಷ್ಟ್ರು ಅದನ್ನು ಶಾಲೆಯ ಗೋಡೆಯ ಮೇಲೆ ಬರೆಸಿದ್ದರು ಎಂದ. ಒಳಗಿಂದ ಬಡಗಿಯ ಅಳತೆಪಟ್ಟಿ ತಂದ. ಇಬ್ಬರೂ ಮಂಡ್ಯದ ದಾರವನ್ನು ನೆಲದ ಮೇಲೆ ದುಂಡಗೆ ಹರಡಿ ಅಡ್ಡಕ್ಕೆ ಅಳೆದರು. ಸರಿಯಾಗಿ ಹದಿನೆಂಟು.

ಅಸದುಲ್ಲಾ ಅರ್ಧ ಗೇಣು ಸೇರಿಸಿ ಮತ್ತೆ ಹರಡಿದ. ಹತ್ತೊಂಬತ್ತೂವರೆ.

"ಸಾಬ್ರೇ, ಯಾವ ಅಳ್ತೆ ಮ್ಯಾಗೆ ಮಾಡಿದ್ರಿ ಇದ?" ಎಂದ ಮಾದಯ್ಯ, ಮೆಲ್ಲಗೆ.

ಅಸದುಲ್ಲಾ ದಾರವನ್ನು ಸುತ್ತತೊಡಗಿದ. ಅಳತೆ ಅವನಿಗೆ ಚೆನ್ನಾಗಿ ನೆನಪಿತ್ತು. ಪಟ್ಟಾ ಹಾಕುವವನು ಇಂಚು ಲೆಕ್ಕ ಕೇಳುವುದಿಲ್ಲ. ರೈತ ಚಕ್ರವನ್ನೇ ಉರುಳಿಸಿಕೊಂಡು ಬರುತ್ತಾನೆ, ಆ ಚಕ್ರಕ್ಕೆ ದಾರ ಹಿಡಿದು ಆ ಚಕ್ರಕ್ಕೇ ಪಟ್ಟಾ ಕಟ್ಟುತ್ತಾರೆ. ಒಂದರ ಪಟ್ಟಾ ಇನ್ನೊಂದಕ್ಕೆ ಕೂರುವುದಿಲ್ಲ. ಮೂವತ್ತು ವರ್ಷ ಹಾಗೆ ಮಾಡಿದವನಿಗೆ ಚಿಕ್ಕಣ್ಣ ಬಂದು ಹದಿನೆಂಟು ಇಂಚು ಎಂದಾಗ, ಬಾಯಿಮಾತಿನ ಅಳತೆ ಬೇಡ, ಇದರೊಳಗೆ ತೂರುವ ವಸ್ತು ತಾ ಎಂದಿದ್ದ. ಹುಡುಗ ಚೆಂಡು ತಂದಿದ್ದ. ಒಂದರ ಪಕ್ಕ ಒಂದು ಎರಡು ಚೆಂಡು ಇಟ್ಟಷ್ಟು ಅಗಲ ಎಂದು ಮೇಷ್ಟ್ರು ಹೇಳುತ್ತಿದ್ದುದು ಹುಡುಗನಿಗೂ ನೆನಪಿತ್ತು. ಅದರಂತೆ ಬಳೆ ಆಯಿತು. ಆದರೆ ಆ ಚೆಂಡು ಮೇಷ್ಟ್ರ ಕಾಲದ್ದು. ಯುದ್ಧದಲ್ಲಿ ಹೊಸದು ಸಿಗದೆ, ಮರಿಸಿದ್ದಯ್ಯ ಚಮ್ಮಾರನಿಗೆ ಹೇಳಿ ಅದರ ಮೇಲೆ ಇನ್ನೊಂದು ಸುತ್ತು ತೊಗಲು ಹೊಲಿಸಿದ್ದ. ಅದು ತಿಂದು ಕೊಬ್ಬಿದ ಹಾಗೆ ಊದಿಕೊಂಡಿತ್ತು. ಊರ ಹುಡುಗರು ಒಂದು ವರ್ಷದಿಂದ ಆ ದೊಡ್ಡ ಬಳೆಗೆ ಗುರಿ ಇಟ್ಟು ಕೈ ಪಳಗಿಸಿಕೊಂಡಿದ್ದರು.

ಹೊರಡುವಾಗ ಅಸದುಲ್ಲಾ, ಏನೇ ಆಗಲಿ ನೀವು ಹಳಬರು ಮತ್ತೆ ಇಳಿದರೆ ಎಲ್ಲ ಸರಿಹೋಗುತ್ತದೆ ಎಂದ. ಮಾದಯ್ಯ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿದ. ಬರ್ಮಾದಲ್ಲಿ ಆದ ಗಾಯ, ಮಂಡಿ ಮಡಿಸಲು ಬರುತ್ತಿರಲಿಲ್ಲ.

"ಇರೋದು ಆ ಐಕ್ಳೇ ಕಣ್ ಸಾಬ್ರೇ. ಬ್ಯಾರೆ ಯಾರೂ ಇಲ್ಲ," ಎಂದ.

ಮಂಗಳವಾರ, ಬುಧವಾರ ಅಸದುಲ್ಲಾನ ಕೈ ನೆಟ್ಟಗೆ ಕೆಲಸ ಮಾಡಲಿಲ್ಲ. ದುದ್ದ ಹಳ್ಳಿಯಿಂದ ಬಂದಿದ್ದ ಒಂದು ಜೊತೆ ಚಕ್ರ ಹಾಗೇ ಬಿದ್ದಿತ್ತು. ಬೆರಣಿ ಸುತ್ತಿ ಬೆಂಕಿ ಕೊಟ್ಟ ಪಟ್ಟಾ ಕೆಂಪಗಾಗಿ ಮತ್ತೆ ಕಪ್ಪಗಾಗುವವರೆಗೆ ಎಲ್ಲೋ ನೋಡುತ್ತಾ ನಿಂತಿದ್ದ. ಚಹಾ ತಣ್ಣಗಾದ ಮೇಲೆ ಕುಡಿದ. ದಿನಕ್ಕೆ ಮೂರು ಸಲ ಮಂಡಿಯ ಹಿಂದಕ್ಕೆ ಹೋಗಿ ಹುಡುಗರ ಅಭ್ಯಾಸ ನೋಡಿ, ಅವರು ಹಾಕಿದ ಪ್ರತಿ ಚೆಂಡೂ ಸಲೀಸಾಗಿ ಇಳಿಯುವುದನ್ನು ಕಂಡು, ವಾಪಸು ಬಂದ. ಬಾಯಿ ಮುಚ್ಚಿಕೊಂಡಿದ್ದರೆ ಭಾನುವಾರ ಮಳವಳ್ಳಿಯವರು ಈ ಬಳೆಯ ಕೆಳಗೇ ಆಡಬೇಕು. ಹುಡುಗರು ಗೆಲ್ಲುತ್ತಾರೆ, ತಂಡ ಉಳಿಯುತ್ತದೆ. ಆಮೇಲೆ ಮಳವಳ್ಳಿಗೆ ಹೋದಾಗ ಸೋಲುತ್ತಾರೆ, ಮಂಡ್ಯಕ್ಕೆ ಹೋದಾಗ ಮತ್ತೆ ಸೋಲುತ್ತಾರೆ, ಯಾಕೆಂದು ಅವರಿಗೇ ತಿಳಿಯದೆ ಒಂದು ದಿನ ತಾವು ಕೈಲಾಗದವರು ಎಂದು ನಂಬಿಬಿಡುತ್ತಾರೆ. ಬಾಯಿ ಬಿಟ್ಟರೆ, ನಾಲ್ಕು ಜನರ ಹೆಗಲ ಮೇಲೆ ನಿಂತು ಪಕ್ಕದ ಊರಿನವರನ್ನು ಮೋಸಗಾರರೆಂದ ಇದೇ ನಾಲಿಗೆ ತಪ್ಪು ನನ್ನದು ಎನ್ನಬೇಕು.

ಹೆಂಡತಿ ಶರೀಫುನ್ನೀಸಾಗೆ ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಹೇಳಿದ. ಅವಳು ಆಟವನ್ನು ಕಂಡವಳಲ್ಲ. ಬಡಿಸುತ್ತಲೇ, ಪಟ್ಟಾ ಸಡಿಲವಾಗಿದೆ ಅಂತ ಗೊತ್ತಿದ್ದೂ ರೈತನ ಗಾಡಿ ಕಳಿಸಿದ್ದು ಉಂಟಾ ಎಂದು ಕೇಳಿದಳು. ಇಲ್ಲ ಎಂದ. ಹಾಗಿದ್ದರೆ ಇದನ್ನು ಯಾಕೆ ಇಷ್ಟು ಯೋಚನೆ ಮಾಡುತ್ತೀರಿ, ಸಾರು ಆರಿಹೋಯಿತು ಎಂದಳು.

ಗುರುವಾರ ಸಾಯಂಕಾಲ ಅಭ್ಯಾಸ ನೋಡಲು ಮೂವತ್ತು ನಲವತ್ತು ಜನ ಸೇರಿದ್ದರು. ಅಸದುಲ್ಲಾ ಏಣಿ ಹೊತ್ತುಕೊಂಡು ಬಂದ. ದಾರವನ್ನು ಬಳೆಗೆ ಹಿಡಿದು ತೋರಿಸಿದ, ಇಳಿದು ಬಂದು ನೆಲದ ಮೇಲೆ ಹರಡಿ ಅಳೆದು ತೋರಿಸಿದ. ಮಂಡ್ಯದ ಬಳೆ ಸರಿ, ತಪ್ಪು ನನ್ನದು ಎಂದ. ಜನರಲ್ಲಿ ಗುಜುಗುಜು ಎದ್ದಿತು. ಹಾಗಾದರೆ ಊರಲ್ಲಿ ಗೆದ್ದ ನಾಲ್ಕು ಆಟವೂ ಸುಳ್ಳೇ ಎಂದು ಒಬ್ಬ ಕೇಳಿದ. ಎದುರಿನವರಿಗೂ ಅದೇ ದೊಡ್ಡ ಬಳೆ ಇತ್ತಲ್ಲ ಎಂದು ಇನ್ನೊಬ್ಬ ಜಗಳಕ್ಕೆ ನಿಂತ.

ಮರಿಸಿದ್ದಯ್ಯ ಅಸದುಲ್ಲಾನನ್ನು ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. ಆದರೆ ಅವನ ಗಂಟಲು ಪಿಸುಮಾತಿಗೆ ಹೇಳಿ ಮಾಡಿಸಿದ್ದಲ್ಲ, ಎಲ್ಲರಿಗೂ ಕೇಳಿತು. "ಇನ್ನ ಮೂರ್ ದಿನ ತಡ್ಕಳಿ ಸಾಬ್ರೇ. ಬಾನ್ವಾರ ಒಂದು ಗೆದ್ಕಬುಡ್ಲಿ. ಸೋಮ್ವಾರ ಬಿಚ್ಕಂಡೋಗಿ, ಯಾರ್ ಬ್ಯಾಡ ಅಂದೋರು?"

ಅಸದುಲ್ಲಾನಿಗೂ ಇದೇ ಮಾತು ಮೂರು ದಿನ ತಲೆಯೊಳಗೆ ಓಡಾಡಿತ್ತು. ಅವನು ಏಣಿಯ ಕಡೆ ನೋಡಿದ. ಅಷ್ಟರಲ್ಲಿ ಚಿಕ್ಕಣ್ಣ ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ಬಂದು ಏಣಿಯ ಬುಡ ಹಿಡಿದು ನಿಂತಿದ್ದ.

"ಈವತ್ತೇ ಬಿಚ್ಚಿ ಸಾಬ್ರೇ," ಎಂದ. "ನಂ ಕೈ ಕೆಟ್ಟದೆ ಅನ್ಕೊಂಡು ನಾನು ನಾಕ್ ದಿನದಿಂದ ಉಣ್ಣಕ್ಕೇ ಆಯ್ತಿರ್ನಿಲ್ಲ. ಬಳೆ ಕೆಟ್ಟಿದ್ರೆ ರಿಪೇರಿ ಮಾಡ್ಬೋದು ಬುಡಿ."

ಶುಕ್ರವಾರ ಬೆಳಗ್ಗೆ ಅಸದುಲ್ಲಾ ಎರಡೂ ಬಳೆಗಳಿಂದ ಅರ್ಧರ್ಧ ಗೇಣು ಕಡಿದು, ಮತ್ತೆ ಬೆಸೆದು, ಮಾದಯ್ಯನ ಅಳತೆಪಟ್ಟಿಯಿಂದ ನಾಲ್ಕು ಕಡೆ ಅಳೆದು ಮೇಲೇರಿಸಿದ. ಮರಿಸಿದ್ದಯ್ಯ ಆ ಕಡೆ ಸುಳಿಯಲಿಲ್ಲ. ಆದರೆ ಅವನ ಮಂಡಿಯ ಆಳು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಶನಿವಾರ ಹೊಸ ಚೆಂಡು ತಂದ. ಹಳೆಯ ಚೆಂಡನ್ನು ದಪ್ಪ ಮಾಡಿಸಿದವನು ತಾನೇ ಎಂಬುದು ಯಜಮಾನನಿಗೂ ಅರ್ಥವಾಗಿತ್ತು, ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಮಾದಯ್ಯ ಕೋಲೂರಿಕೊಂಡು ಬಂದು ಕಲ್ಲಿನ ಮೇಲೆ ಕೂತು, ಮೊಣಕೈ ಹೀಗಿರಲಿ, ಬೆರಳು ಹಾಗಿರಲಿ ಎಂದು ಹೇಳಿಕೊಟ್ಟ. ಶುಕ್ರವಾರ ನಲವತ್ತು ಎಸೆದರೆ ಒಂಬತ್ತು ಇಳಿದವು. ಶನಿವಾರ ಹದಿನಾಲ್ಕು. ನೋಡಲು ಬಂದವರು ತಲೆ ಕೆರೆದುಕೊಂಡು ಹೋದರು.

ಭಾನುವಾರ ಮಳವಳ್ಳಿಯವರು ಬಂದರು. ಮದ್ದೂರಿನ ಹುಡುಗರು ಮೊದಲರ್ಧದಲ್ಲಿ ಹನ್ನೊಂದು ಪಾಯಿಂಟು ಹಿಂದೆ ಬಿದ್ದರು. ಅಸದುಲ್ಲಾನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಜನರ ಹಿಂದೆ ಹಿಂದೆಯೇ ಅಂಕಣ ಸುತ್ತಿದ. ಎರಡನೆಯ ಅರ್ಧದಲ್ಲಿ ಹುಡುಗರ ಕೈ ಹೊಸ ಅಳತೆಗೆ ಒಗ್ಗತೊಡಗಿತು. ಚೆಂಡು ಅಂಚಿಗೆ ಬಡಿದು ಚಿಮ್ಮುವ ಶಬ್ದ ಕಡಿಮೆಯಾಗುತ್ತಾ ಬಂತು. ಕೊನೆಯ ನಿಮಿಷದಲ್ಲಿ ಚಿಕ್ಕಣ್ಣ ದೂರದಿಂದ ಎಸೆದದ್ದು ಕಬ್ಬಿಣವನ್ನು ಸೋಕದೆ ನೇರ ಇಳಿಯಿತು. ಆದರೂ ಮೂರು ಪಾಯಿಂಟಿನಿಂದ ಸೋತರು.

ಜನ ಮನೆಗೆ ಹೋಗಲಿಲ್ಲ. ಗುಂಪು ಗುಂಪಾಗಿ ನಿಂತು ಆ ಕೊನೆಯ ಎಸೆತವನ್ನು ಗಾಳಿಯಲ್ಲಿ ಕೈಯಾಡಿಸಿ ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಇನ್ನು ಐದು ನಿಮಿಷ ಸಿಕ್ಕಿದ್ದರೆ ಎಂಬುದೇ ಎಲ್ಲರ ಬಾಯಲ್ಲೂ. ಮರಿಸಿದ್ದಯ್ಯ ಕಂಬಕ್ಕೆ ಒರಗಿ ನಿಂತಿದ್ದ. ಅವನು ಹಾಕಿದ ಷರತ್ತು ಎಲ್ಲರಿಗೂ ನೆನಪಿತ್ತು, ಯಾರೂ ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಚಿಕ್ಕಣ್ಣನೇ ಹೋಗಿ ಹೊಸ ಚೆಂಡನ್ನು ಅವನ ಮುಂದೆ ಹಿಡಿದ. ವಾಪಸು ಕೊಡಬೇಕೇನೋ ಎಂದು. ಮರಿಸಿದ್ದಯ್ಯ ಅದನ್ನು ಎರಡು ಸಲ ಅದುಮಿ ನೋಡಿ, ನಾಳೆ ಬೆಳಗ್ಗೆ ಬೇಗ ಬನ್ನಿ, ಗಾಡಿ ಬರೋಕೆ ಮುಂಚೆ ಜಾಗ ಖಾಲಿ ಇರುತ್ತೆ ಎಂದ.

ಸೋಮವಾರ ಬೆಳಗ್ಗೆ ಅಸದುಲ್ಲಾ ಒಗೆದ ಅಂಗಿ ತೊಟ್ಟು, ಗಂಟು ಹಾಕಿದ ಆ ದಾರವನ್ನು ಜೇಬಿನಲ್ಲಿಟ್ಟುಕೊಂಡು ಮಂಡಿಯ ಎದುರು ಮಂಡ್ಯದ ಬಸ್ಸಿಗೆ ಕಾದು ನಿಂತಿದ್ದ. ಅಲ್ಲಿನವರೆದುರು ಏನೆಂದು ಶುರು ಮಾಡಬೇಕೋ ತೋಚದೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದ. ಬಸ್ಸು ಹೊಗೆ ಬಿಡುತ್ತಾ ಬಂತು. ಹತ್ತಿ ಕೂತವನಿಗೆ ಮಂಡಿಯ ಬಾಗಿಲಿನಿಂದ ಮರಿಸಿದ್ದಯ್ಯನ ಗಂಟಲು ಕೇಳಿತು.

"ತಪ್ಪಾಯ್ತು ಅನ್ನೋದೆಲ್ಲಾ ಆಮ್ಯಾಕೆ ಮಾಡ್ಕಳಿ ಸಾಬ್ರೇ. ಮೊದ್ಲು ಇನ್ನೊಂದು ಆಟಕ್ಕೆ ದಿನ ಗೊತ್ತು ಮಾಡ್ಕಂಡು ಬನ್ನಿ. ಅವ್ರ ಬಳೇಲೇ ಆಗ್ಲಿ."