ಜೂನ್ ತಿಂಗಳ ಬಂಗುಡೆ

ಚೆನ್ನಾಗಿ ಕೆಲಸ ಮಾಡುವವನನ್ನು ಒಂದು ದಿನ ಮ್ಯಾನೇಜರ್ ಮಾಡುತ್ತಾರೆ. ಕುರ್ಚಿ ಕೊಡುತ್ತಾರೆ, ಮೊಬೈಲ್ ಕೊಡುತ್ತಾರೆ, ಸಹಿ ಹಾಕುವ ಅಧಿಕಾರ ಕೊಡುತ್ತಾರೆ. ಲೆಕ್ಕ ಓದುವುದನ್ನು ಮಾತ್ರ ಹೆಚ್ಚಿನ ಕಡೆ ಯಾರೂ ಕಲಿಸುವುದಿಲ್ಲ. ಕೆಲವು ಕಡೆ ಕಲಿಸುತ್ತೇವೆ ಬನ್ನಿ ಎಂದು ಕರೆಯುತ್ತಾರೆ, ಆಗ ನಾವು ಹೋಗುವುದಿಲ್ಲ.

ಶೈಲೇಶ್ ಹೋಗಲಿಲ್ಲ.

ಮಂಗಳೂರಿನ ಗುಣಪಾಲ ಅವರ ಕೇಟರಿಂಗ್ ಕಂಪನಿಗೆ ಊರಿನಲ್ಲಿ ಮೂರು ಅಡುಗೆಮನೆಗಳಿವೆ. ಶಕ್ತಿನಗರದ ಅಡುಗೆಮನೆಗೆ ಶೈಲೇಶ್ ಹದಿನಾರನೇ ವಯಸ್ಸಿನಲ್ಲಿ ಪಾತ್ರೆ ತೊಳೆಯಲು ಬಂದವನು. ಆಮೇಲೆ ಅಡುಗೆಯವನಾದ. ಅವನ ಮೀನು ಸಾರಿಗಾಗಿಯೇ ಜನ ಆರ್ಡರ್ ಕೊಡುತ್ತಿದ್ದರು. ಮೂವತ್ತೆಂಟಕ್ಕೆ ಅಲ್ಲಿಯ ಮ್ಯಾನೇಜರ್ ಆದ. ಅವನ ಕೈಕೆಳಗೆ ಹದಿನಾಲ್ಕು ಜನ.

ಕಂಪನಿಯ ಹಣಕಾಸು ನೋಡುವವರು ಗ್ಲ್ಯಾಡಿಸ್ ಬಾಯಿ. ಬಂದರ್‌ನಲ್ಲಿ ಅವರ ಆಫೀಸು. ಕಳೆದ ವರ್ಷ ಫೆಬ್ರವರಿಯಲ್ಲಿ ಅವರು ಮ್ಯಾನೇಜರ್‌ಗಳಿಗೆಂದೇ ಆರು ಶನಿವಾರದ ತರಬೇತಿ ಶುರು ಮಾಡಿದರು. ಒಂದು ಊಟಕ್ಕೆ ನಿಜವಾಗಿ ಎಷ್ಟು ಖರ್ಚು, ತಿಂಗಳ ಲೆಕ್ಕಪತ್ರ ಓದುವುದು ಹೇಗೆ, ರೇಟು ಕಟ್ಟುವುದು ಹೇಗೆ, ಇಷ್ಟೇ ಪಾಠ.

ಮೂರು ಶನಿವಾರ ಕಳೆದ ಮೇಲೆ ಬಂದರಿನ ಮೀನು ಮಾರ್ಕೆಟಿನಲ್ಲಿ ಗ್ಲ್ಯಾಡಿಸ್ ಬಾಯಿಯ ಕೈಗೆ ಶೈಲೇಶ್ ಸಿಕ್ಕಿಬಿದ್ದ.

"ಕ್ಲಾಸಿಗೆ ಯಾಕೆ ಬರುದಿಲ್ಲ ನೀನು?"

"ಬಾಯಿ, ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂವತ್ತೈದು ತೆಗೆದವ. ಅದೂ ಮಾಸ್ಟ್ರು ಪಾಪ ಅಂತ ಕೊಟ್ಟದ್ದು. ಇನ್ನು ನನಗೆ ಎಂತ ಕಲಿಸ್ತೀರಿ?"

"ಕೂಡಿಸ್ಲಿಕ್ಕೆ, ಕಳೀಲಿಕ್ಕೆ ಬರ್ತದಲ್ಲ? ಅಷ್ಟು ಸಾಕು."

"ಲೆಕ್ಕಕ್ಕೆ ನೀವಿದ್ದೀರಿ. ನಾನು ಯಾವತ್ತಾದ್ರೂ ನಿಮ್ಮನ್ನು ಮಸಾಲೆ ಕಡೀಲಿಕ್ಕೆ ಕರ್ದಿದ್ದೇನಾ?"

"ನಾನು ಲೆಕ್ಕ ಬರೆಯುವವಳು ಮಾರಾಯ. ರೇಟು ಹೇಳುವವ ನೀನು. ನಾನು ಬರೆಯುವಾಗ ಎಲ್ಲ ಮುಗ್ದಿರ್ತದೆ."

ಶೈಲೇಶ್ ನಕ್ಕು ಮೀನಿನ ಬುಟ್ಟಿಗೆ ಕೈ ಹಾಕಿದ. ಉಳಿದ ಮೂರು ಶನಿವಾರವೂ ಅವನು ಹೋಗಲಿಲ್ಲ.

ಮೇ ತಿಂಗಳಲ್ಲಿ ಒಂದು ದೊಡ್ಡ ಹಾಸ್ಟೆಲಿನ ಕಾಂಟ್ರಾಕ್ಟ್ ಬಂತು. ಜೂನ್ ಒಂದರಿಂದ ಒಂದು ವರ್ಷ, ದಿನಾ ಮುನ್ನೂರು ಮಧ್ಯಾಹ್ನದ ಊಟ, ದಿನಾ ಮೀನು. ಶೈಲೇಶ್ ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ. ಅಕ್ಕಿ, ತೆಂಗಿನಕಾಯಿ, ಮಸಾಲೆ, ಗ್ಯಾಸ್, ಒಂದು ಬಂಗುಡೆ ಮೀನು. ಊಟಕ್ಕೆ ನಲವತ್ತಾರು ರೂಪಾಯಿ ಆಯಿತು. ಅರವತ್ತಕ್ಕೆ ಕೊಡುತ್ತೇನೆ ಎಂದ.

ಸಹಿಯ ಹಿಂದಿನ ದಿನ ಗ್ಲ್ಯಾಡಿಸ್ ಬಾಯಿ ಶಕ್ತಿನಗರಕ್ಕೇ ಬಂದರು. ಪಕ್ಕದಲ್ಲಿ ದೇಯಿಯಕ್ಕ ಮೀನು ಕೊಯ್ಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಅವರದು ಅದೇ ಕೆಲಸ.

"ಊಟಕ್ಕೆ ಹದಿನಾಲ್ಕು ರೂಪಾಯಿ ಉಳೀತದೆ ಬಾಯಿ. ನೋಡಿ."

"ಇವರ ಸಂಬಳ ಎಲ್ಲುಂಟು ಇದ್ರಲ್ಲಿ? ಬಾಡಿಗೆ? ಟೆಂಪೋ?"

"ಅದು ಹೇಗೂ ಕೊಡ್ತೇವಲ್ಲ."

"ಹೇಗೂ ಕೊಡುವ ದುಡ್ಡು ಎಲ್ಲಿಂದ ಬರ್ತದೆ? ಈ ಊಟದಿಂದಲೇ ಬರ್ಬೇಕು. ಅದಕ್ಕೆ ಊಟಕ್ಕೆ ಹನ್ನೆರಡು ಬೀಳ್ತದೆ. ಉಳಿಯುವುದು ಎರಡೇ ರೂಪಾಯಿ."

"ಎರಡಾದ್ರೂ ಉಳೀತದಲ್ಲ."

"ಜೂನ್‌ನಲ್ಲಿ?"

ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಹೊರಗಿನಿಂದ ಐಸ್ ಹಾಕಿದ ಮೀನು ಬರುತ್ತದೆ, ಅದರ ಬೆಲೆ ಬೇರೆಯೇ. ಮಂಗಳೂರಿನಲ್ಲಿ ಇದು ಶಾಲೆಯ ಮಕ್ಕಳಿಗೂ ಗೊತ್ತು.

"ಒಂದು ಸಾಲು ಬರೆಸು ಶೈಲೇಶ್. ಆ ಎರಡು ತಿಂಗಳಿಗೆ ಬೇರೆ ರೇಟು. ಅವರು ಒಪ್ಪದಿದ್ರೆ ಮೀನಿನ ಬದ್ಲು ಮೊಟ್ಟೆ. ಒಂದೇ ಸಾಲು."

"ಮೊಟ್ಟೆ ಅಂದ್ರೆ ಆರ್ಡರ್ ಬೇರೆಯವರಿಗೆ ಹೋಗ್ತದೆ. ಆಗದ್ದು ಆಗ ನೋಡುವ ಬಾಯಿ."

ಮರುದಿನ ಅವನು ಸಹಿ ಹಾಕಿದ. ಆ ಸಾಲು ಅದರಲ್ಲಿ ಇರಲಿಲ್ಲ.

ಜೂನ್ ಶುರುವಾಗುತ್ತಲೇ ಒಂದು ಊಟದ ಮೀನಿಗೆ ಹದಿನೇಳು ರೂಪಾಯಿ ಹೆಚ್ಚಾಯಿತು. ಎರಡು ರೂಪಾಯಿ ಲಾಭ ಹೋಗಿ ಹದಿನೈದು ರೂಪಾಯಿ ನಷ್ಟ. ಮುನ್ನೂರು ಊಟಕ್ಕೆ ದಿನಕ್ಕೆ ನಾಲ್ಕೂವರೆ ಸಾವಿರ. ಶೈಲೇಶ್ ಬಂಗುಡೆಯನ್ನು ಎರಡು ತುಂಡು ಮಾಡಿಸಿದ. ಹಾಸ್ಟೆಲಿನವರು ಫೋಟೋ ತೆಗೆದು ಕಳಿಸಿ, ಕಾಂಟ್ರಾಕ್ಟಿನಲ್ಲಿ ಇಡೀ ಮೀನು ಎಂದಿದೆ ಎಂದರು.

ತಿಂಗಳ ಲೆಕ್ಕಪತ್ರ ವಾಟ್ಸಾಪಿನಲ್ಲಿ ಬಂತು. ಶೈಲೇಶ್ ಮೇಲಿನ ಸಾಲು ಮಾತ್ರ ನೋಡಿದ. ಅದು ಮಾರಾಟ. ಮೂರು ಅಡುಗೆಮನೆಗಳಲ್ಲಿ ಅವನದೇ ಹೆಚ್ಚು. ಕೊನೆಯ ಸಾಲು ನಷ್ಟ ಎನ್ನುತ್ತಿತ್ತು. ಅವನು ಹೆಬ್ಬೆರಳಿನ ಚಿತ್ರ ಕಳಿಸಿ ಮೊಬೈಲ್ ಜೇಬಿಗೆ ಹಾಕಿದ. ಗ್ಲ್ಯಾಡಿಸ್ ಬಾಯಿ ಫೋನ್ ಮಾಡಿದಾಗ, "ಆಗಸ್ಟಿಗೆ ಸರಿ ಆಗ್ತದೆ" ಎಂದ.

ಆಗಸ್ಟಿನಲ್ಲಿ ಗುಣಪಾಲ ಅವನನ್ನು ಆಫೀಸಿಗೆ ಕರೆಸಿದರು.

"ಎರಡು ತಿಂಗಳಿಗೆ ಎರಡು ಲಕ್ಷ ಎಪ್ಪತ್ತು ಸಾವಿರ ಹೋಯ್ತು ಶೈಲೇಶ್. ಇದನ್ನು ಹೇಗೆ ತುಂಬಿಸುವುದು?"

"ಇನ್ನು ಬಂಗುಡೆ ಕ್ರಯ ಇಳೀತದೆ ಧಣಿ."

"ಇಳಿದ್ರೆ ಊಟಕ್ಕೆ ಎರಡು ರೂಪಾಯಿ. ತಿಂಗಳಿಗೆ ಹದಿನೆಂಟು ಸಾವಿರ. ತುಂಬಿಸ್ಲಿಕ್ಕೆ ಹದಿನೈದು ತಿಂಗಳು ಬೇಕು. ಕಾಂಟ್ರಾಕ್ಟಿನಲ್ಲಿ ಉಳಿದದ್ದು ಹತ್ತು ತಿಂಗಳು."

ಶೈಲೇಶನಿಗೆ ಆ ಲೆಕ್ಕ ಆಗ ಅರ್ಥವಾಯಿತು. ಕೂಡಿಸುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಈ ನಷ್ಟ ಹೊತ್ತು ಹತ್ತು ತಿಂಗಳು ನಡೆಸಲು ಕೈಯಲ್ಲಿ ದುಡ್ಡಿರಲಿಲ್ಲ. ಹಾಸ್ಟೆಲಿಗೆ ಕಟ್ಟಿದ ಡೆಪಾಸಿಟ್ ಹೋದರೆ ಹೋಗಲಿ ಎಂದು ಗುಣಪಾಲ ಕಾಂಟ್ರಾಕ್ಟ್ ಬಿಟ್ಟರು. ತಿಂಗಳ ಕೊನೆಗೆ ಶಕ್ತಿನಗರದ ಅಡುಗೆಮನೆ ಮುಚ್ಚಿದರು. ಶೈಲೇಶನ ಕೈರುಚಿ ಕಂಪನಿಗೆ ಬೇಕಿತ್ತು. ಅವನನ್ನು ಇನ್ನೊಂದು ಅಡುಗೆಮನೆಗೆ ಅಡುಗೆಯವನಾಗಿ ಕಳಿಸಿದರು. ಹದಿನಾಲ್ಕು ಜನರಲ್ಲಿ ಮೂವರಿಗೆ ಮಾತ್ರ ಬೇರೆ ಕಡೆ ಜಾಗ ಸಿಕ್ಕಿತು. ದೇಯಿಯಕ್ಕನಿಗೆ ಸಿಗಲಿಲ್ಲ.

ಕೊನೆಯ ದಿನ ಶೈಲೇಶ್ ದೇಯಿಯಕ್ಕನ ಮುಂದೆ ನಿಂತ.

"ಮೀನಿನ ಕ್ರಯ ಹೀಗೆ ಏರ್ತದೆ ಅಂತ ಯಾರಿಗೆ ಗೊತ್ತಿತ್ತು ದೇಯಿಯಕ್ಕ."

"ನನಗೆ ಗೊತ್ತಿತ್ತು," ಎಂದರು ದೇಯಿಯಕ್ಕ. "ನಿನಗೂ ಗೊತ್ತಿತ್ತು. ಬಾಯಿ ಹೇಳುವಾಗ ನಾನು ಅಲ್ಲೇ ಕೂತಿದ್ದೆ."



ಮನೆಯಲ್ಲಿ ಹೆಂಡತಿ ಮೋಕ್ಷಾ, "ನಷ್ಟ ಆದದ್ದು ಧಣಿಗೆ. ನಿಮ್ಮ ಕೆಲಸ ಉಂಟಲ್ಲ, ಬಿಡಿ" ಎಂದಳು.

"ಹನ್ನೊಂದು ಜನ ಹೋದ್ರು ಮೋಕ್ಷಾ. ಒಬ್ರೂ ತಪ್ಪು ಮಾಡಿದವರಲ್ಲ. ತಪ್ಪು ಮಾಡಿದವ ನಾನು, ನನಗೆ ಸಂಬಳ ಬರ್ತಾ ಉಂಟು."

"ಆ ಕ್ಲಾಸ್ ಇನ್ನೂ ಉಂಟಾ ಕೇಳಿ" ಎಂದಳು ಮೋಕ್ಷಾ.

ತರಬೇತಿಯ ಎರಡನೇ ತಂಡ ಶುರುವಾಗುವುದರಲ್ಲಿತ್ತು. ಅವನು ಈಗ ಮ್ಯಾನೇಜರ್ ಅಲ್ಲದಿದ್ದರೂ ಬಾಯಿ ಸೇರಿಸಿಕೊಂಡರು. ಮೊದಲ ಶನಿವಾರ ಗ್ಲ್ಯಾಡಿಸ್ ಬಾಯಿ ಒಂದು ಊಟದ ಪೂರ್ತಿ ಖರ್ಚು ಬರೆಯಲು ಹೇಳಿದರು. ಶೈಲೇಶ್ ಹಾಸ್ಟೆಲಿನ ಊಟವನ್ನೇ ಬರೆದ. ಸಂಬಳ, ಬಾಡಿಗೆ, ಟೆಂಪೋ, ಜೂನ್ ತಿಂಗಳ ಬಂಗುಡೆ, ಒಂದೂ ಬಿಡದೆ. ಇಪ್ಪತ್ತು ನಿಮಿಷ ಹಿಡಿಯಿತು. ಬರೆದು ಮುಗಿಸಿದ ಮೇಲೆ ಅವನು ಅದನ್ನು ಯಾರಿಗೂ ತೋರಿಸಲಿಲ್ಲ. ಬಾಯಿಯೂ ಕೇಳಲಿಲ್ಲ.

ದೇಯಿಯಕ್ಕ ಈಗ ಮಾರ್ಕೆಟಿನಲ್ಲಿ ದಿನಗೂಲಿಗೆ ಮೀನು ಕೊಯ್ಯುತ್ತಾರೆ. ಅಲ್ಲಿ ಪಿಎಫ್ ಇಲ್ಲ, ಮೀನು ಬರದ ದಿನ ಕೂಲಿಯೂ ಇಲ್ಲ. ಒಂದು ಬೆಳಿಗ್ಗೆ ಅವರ ಹತ್ತಿರ ಶೈಲೇಶ್ ಹೋಗಿ, "ನಾನು ಲೆಕ್ಕ ಕಲೀತಾ ಇದ್ದೇನೆ ದೇಯಿಯಕ್ಕ" ಎಂದ.

ಅವರು ಕತ್ತಿಯಿಂದ ಕಣ್ಣು ಎತ್ತಲಿಲ್ಲ.

"ಕಲಿ ಮಗಾ. ನನಗೆ ಇನ್ನು ಉಪಯೋಗ ಇಲ್ಲ. ಮುಂದೆ ನಿನ್ನ ಕೈಕೆಳಗೆ ಬರುವವರಿಗೆ ಉಂಟು."

ಓದುತ್ತಿರುವ ನೀವೂ ಎಲ್ಲೋ ನಾಲ್ಕು ಜನರನ್ನು ನಡೆಸುವವರಿರಬಹುದು. ಅಂಗಡಿ, ಗ್ಯಾರೇಜು, ಆಸ್ಪತ್ರೆಯ ವಾರ್ಡು, ಸ್ವಸಹಾಯ ಸಂಘದ ಘಟಕ, ಯಾವುದೂ ಆಗಬಹುದು. ನನ್ನದು ಲೆಕ್ಕದ ಓದಲ್ಲ ಎಂದು ದಯವಿಟ್ಟು ಹೇಳಬೇಡಿ. ರೇಟು ಒಪ್ಪುವ ಮೊದಲು ಹೇಗೂ ಕೊಡುವ ಖರ್ಚನ್ನೂ ಸೇರಿಸಿ. ವರ್ಷದ ಕೆಟ್ಟ ತಿಂಗಳು ಯಾವುದು ನೋಡಿ, ಅದರ ಬೆಲೆಯನ್ನೂ ಬರೆಯಿರಿ. ತಿಂಗಳ ಲೆಕ್ಕಪತ್ರವನ್ನು ಕೊನೆಯ ಸಾಲಿನವರೆಗೆ ಓದಿ, ತಿಳಿಯದಿದ್ದರೆ ಅದೇ ದಿನ ಕೇಳಿ. ಮಾಲೀಕರೇ, ಒಬ್ಬರನ್ನು ಮ್ಯಾನೇಜರ್ ಮಾಡುವ ಮೊದಲು ಇದನ್ನು ಕಲಿಸಿ, ಕಲಿಯಲು ಸಂಬಳದ ಸಮಯವನ್ನೇ ಕೊಡಿ.

ನೀವು ಹಾಕುವ ಸಹಿಯ ಕೆಳಗೆ ಬೇರೆಯವರ ಮನೆಯ ಅನ್ನ ಇದೆ. ಮೊದಲು ಓದಿ, ಆಮೇಲೆ ಸಹಿ ಹಾಕಿ.