ಟೇಪಿನ ಕೊನೆಯ ಮೂರು ನಿಮಿಷ

ಅಣ್ಣನ ವಿಡಿಯೋ ಕ್ಯಾಮೆರಾದ ಚಾರ್ಜರು ಸಿಗಲಿ ಎಂದು ಹುಡುಕುತ್ತಿದ್ದೇನೋ, ಸಿಗದಿರಲಿ ಎಂದೋ? ಅಲಮಾರಿಯ ಕೆಳಖಾನೆಯಲ್ಲಿ ಕೈಯಾಡಿಸುತ್ತಿದ್ದ ಬಾಳೇಶನಿಗೆ ತಿಳಿಯಲಿಲ್ಲ. ಸಿಗದಿದ್ದರೆ ‘ಇಲ್ಲ ವೈನಿ’ ಎಂದು ಹೇಳಿ ಹೊರಗೆ ಗಂಡಸರ ನಡುವೆ ಕುಳಿತುಬಿಡಬಹುದು. ಹಾಗೆಂದುಕೊಳ್ಳುವಾಗಲೇ ಹಳೆಯ ಟವೆಲಿನ ಸುತ್ತಿನಲ್ಲಿ ಅದು ಬೆರಳಿಗೆ ತಗುಲಿತು. ಪಕ್ಕದಲ್ಲೇ ಇಯರ್‌ಫೋನು. ಎರಡರ ವೈರನ್ನೂ ಅಣ್ಣ ಸುರುಳಿ ಸುತ್ತಿ ದಾರ ಕಟ್ಟಿಟ್ಟಿದ್ದ. ಬೆಳಗಾವಿಯ ಖಾಸಬಾಗದಲ್ಲಿದ್ದ ಬಾಳೇಶನ ಸ್ಟುಡಿಯೋದಲ್ಲಿ ಒಂದು ವೈರೂ ಹೀಗಿರಲಿಲ್ಲ.

“ಸಿಕ್ತನು?” ಅತ್ತಿಗೆ ಗೌರವ್ವ ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ದನಿ ಒಡೆದಿತ್ತು.

“ಸಿಕ್ತು. ಆದ್ರ ಹಳೇದೈತಿ ವೈನಿ. ನಡೀತೈತೋ ಇಲ್ಲೋ.”

“ನಡೀತೈತಿ. ಪ್ರತಿ ವರ್ಷ ಅತ್ತಿಯವರ ಪುಣ್ಯತಿಥಿಗೆ ಆ ಟೇಪ್ ಹಚ್ಚಿ ಕುಂದರತಿದ್ರು. ಕಿವಿಗೆ ವೈರ್ ಹಾಕ್ಕೊಂಡು, ಬಾಗಿಲಾ ಮುಚ್ಚಿ. ಕೊನೀಗೆ ಮೂರು ನಿಮಿಷ ಅತ್ತಿಯವರು ಉಳದಾರಂತ. ಏನಂತಾರ ಅಂತ ಕೇಳಿದ್ರ ಒಂದಿನಾ ಹೇಳ್ಲಿಲ್ಲ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಅವರು ಮಣ್ಣಿಗೆ ಹೋಗೂದರಾಗ ಒಮ್ಮೆ ಕೇಳಸು, ಬಾಳೇಶ. ಅದರಾಗ ಅವರ ದನಿನೂ ಇರತೈತಿ.”

ಪಡಸಾಲೆಯಲ್ಲಿ ತೀರಿಹೋದ ಅಣ್ಣ ಶಿವಲಿಂಗನನ್ನು ಕುಳ್ಳಿರಿಸಿದ್ದರು. ಬೆನ್ನಿಗೆ ಹಲಗೆ, ಹಣೆಗೆ ಮೂರು ಬೆರಳಿನ ವಿಭೂತಿ, ತಲೆಗೆ ರುಮಾಲು. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನ ಸುತ್ತ ಊರಿಗೆ ಊರೇ ನೆರೆದಿತ್ತು. ತನ್ನ ಹೆಣದ ಮುಂದೆ ಇಷ್ಟು ಜನ ಕೂಡುತ್ತಾರೆಯೇ? ಬೆಳಿಗ್ಗೆ ಬಂದಾಗಿನಿಂದ ಬಾಳೇಶ ಎಣಿಸುತ್ತಲೇ ಇದ್ದ.

“ಫೋಟೋಕ್ಕ ಕುಂತಂಗ ಕುಂತಾನ ನೋಡು ದೊಡ್ಡಣ್ಣ,” ತಂಗಿ ಪ್ರಮಿಳಾ ಅಳುತ್ತಲೇ ಅಂದಳು. “ಇದ್ದಾಗ ಒಮ್ಮೆರ ಹಿಂಗ ಸುಮ್ಮ ಕುಂತಿದ್ನಾ? ಆವಾಗೆಲ್ಲಾ ಕ್ಯಾಮೆರಾ ಹಿಡ್ಕೊಂಡು ನಮ್ಮ ಬೆನ್ನ ಹತ್ತತಿದ್ದ.”

“ನಮ್ಮ ಹುಡಿಗೀ ಲಗ್ನದಾಗ ಬೆಳಗಾವಿಯಿಂದ ದೊಡ್ಡ ಸ್ಟುಡಿಯೋದವರ್ನ ಕರಸಿದ್ವಿ,” ಕಾರ್ಖಾನೆಯ ಸಿದರಾಯ ಬಾಜು ಕುಳಿತವರಿಗೆ ಹೇಳುತ್ತಿದ್ದ. “ಆ ಕ್ಯಾಸೆಟ್ ಕಪಾಟಿನಾಗ ಐತಿ. ನಾವು ನೋಡೂದು ಶಿವಲಿಂಗ ತಗದಿದ್ದನ್ನ. ಕೈ ನಡುಗತೈತಿ ಖರೇ, ಆದ್ರ ನಮ್ಮವ್ವ ತಾಟಿನ ಮುಂದ ನಿದ್ದಿ ಮಾಡಿದ್ದು ಅದರಾಗಷ್ಟ ಐತಿ.”

ಆ ದೊಡ್ಡ ಸ್ಟುಡಿಯೋ ಬಾಳೇಶನದು. ಸಿದರಾಯನಿಗೆ ನೆನಪಿರಲಿಲ್ಲ.

*

ಅವ್ವ ಬಾಳೇಶನ ಕ್ಯಾಮೆರಾದ ಮುಂದೆ ಎಂದೂ ಕುಳಿತವಳಲ್ಲ. ಅವನು ಕ್ಯಾಮೆರಾ ಎತ್ತಿದರೆ ಸೆರಗು ಮುಖದ ಮೇಲೆ ಬರುತ್ತಿತ್ತು. ಮುನ್ನೂರು ಮದುವೆಗಳನ್ನು ತೆಗೆದವನ ಹತ್ತಿರ ಹೆತ್ತವಳ ಒಂದು ನೆಟ್ಟಗಿನ ಚಿತ್ರವಿರಲಿಲ್ಲ.

ಹದಿನೇಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಶಿವಲಿಂಗ ತನ್ನ ಹ್ಯಾಂಡಿಕ್ಯಾಮನ್ನು ಸ್ಟುಡಿಯೋದ ಮೇಜಿನ ಮೇಲಿಟ್ಟ. ಅದನ್ನು ಹಿಡಿಯುವುದನ್ನು ಅವನಿಗೆ ಕಲಿಸಿದ್ದೇ ಬಾಳೇಶ.

“ಅವ್ವನ್ನ ತಗದೀನಿ. ಪೂರಾ ಮುಕ್ಕಾಲು ತಾಸು ಮಾತಾಡ್ಯಾಳ. ಹೆಂಗ ಬಂದೈತಿ, ನೋಡಿ ಹೇಳು. ನಾಳೆ ಒಯ್ತೀನಿ, ನಾಡದ ಪ್ರಮಿಳಾನ ಕುಬಸಕ್ಕ ಬೇಕು.”

ಅವನು ಹೋದ ಮೇಲೆ ಬಾಳೇಶ ಅಂಗೈಯಗಲದ ಪರದೆಯನ್ನು ಬಿಚ್ಚಿದ. ಅವ್ವ ಹಿತ್ತಲಿನಲ್ಲಿ ತಲೆಗೂದಲು ಬಿಚ್ಚಿ ಕುಳಿತಿದ್ದಳು. ಕಾಕತಿಯಿಂದ ಮದುವಣಗಿತ್ತಿಯಾಗಿ ಹೊರಟು ಮೊದಲ ಸಲ ರೈಲು ಹತ್ತಿದ್ದನ್ನು ಹೇಳುತ್ತಿದ್ದಳು. ಅದು ಯಾರದೋ ದೊಡ್ಡ ಮನೆಯಂತೆ ಕಂಡಿತಂತೆ. ಚಪ್ಪಲಿ ಪ್ಲಾಟ್‌ಫಾರ್ಮಿನ ಮೇಲೆ ಬಿಟ್ಟು ಒಳಗೆ ಹೋದಳಂತೆ. ಖಾನಾಪುರದಲ್ಲಿ ಬರಿಗಾಲಿನಲ್ಲಿ ಇಳಿದಳಂತೆ. ಹೇಳುತ್ತ ನಗುತ್ತಿದ್ದಳು. ಹಲ್ಲಿಲ್ಲದ ಬಾಯನ್ನು ಮುಚ್ಚಿಕೊಳ್ಳಲಿಲ್ಲ. ಲೆನ್ಸಿನ ಹಿಂದಿದ್ದವನನ್ನು ನೇರವಾಗಿ ನೋಡುತ್ತಿದ್ದಳು.

ಈ ಕತೆಯನ್ನು ಅವಳು ಬಾಳೇಶನಿಗೆ ಹೇಳಿರಲಿಲ್ಲ.

ಹದಿನೈದು ನಿಮಿಷಕ್ಕಿಂತ ಹೆಚ್ಚು ನೋಡಲು ಅವನಿಂದಾಗಲಿಲ್ಲ. ಟೇಪನ್ನು ಹಿಂದಕ್ಕೆ, ಶುರುವಿನವರೆಗೂ ಸುತ್ತಿದ. ನೋಡಿದ ಟೇಪನ್ನು ಖಾಲಿ ಜಾಗಕ್ಕೆ ತಂದು ನಿಲ್ಲಿಸಬೇಕು, ಇಲ್ಲದಿದ್ದರೆ ಮುಂದಿನ ಶೂಟಿಂಗ್ ಅದರ ಮೇಲೆಯೇ ಕೂರುತ್ತದೆ. ಗಿರಾಕಿಗಳ ಟೇಪಿನಲ್ಲಿ ಅವನು ಒಮ್ಮೆಯೂ ಮರೆಯದ ಕೆಲಸವದು. ಅಂದೂ ಮರೆಯಲಿಲ್ಲ. ಬೇಕೆಂದೇ ಶುರುವಿನಲ್ಲಿಯೇ ಬಿಟ್ಟ.

ಮರುದಿನ ಶಿವಲಿಂಗ ಬಂದ. “ನೋಡಿದೇನೊ?”

“ಇಲ್ಲಣ್ಣ. ಗಿರಾಕಿ ಭಾಳ ಇದ್ರು. ಮುಟ್ಟೇ ಇಲ್ಲ.”

ಬಸುರಿ ಪ್ರಮಿಳಾಳ ಕುಬಸವಾಯಿತು, ಶಿವಲಿಂಗ ಅದನ್ನು ಅದೇ ಟೇಪಿನಲ್ಲಿ ತೆಗೆದ. ಮೂರು ವಾರಕ್ಕೆ ಅವ್ವನಿಗೆ ಲಕ್ವಾ ಹೊಡೆದು ಮಾತು ನಿಂತಿತು. ಅವಳ ದನಿ ಕೇಳೋಣವೆಂದು ಟೇಪು ಹಾಕಿದಾಗ ಪರದೆಯಲ್ಲಿ ಹೆಂಗಸರು ಪ್ರಮಿಳಾಳಿಗೆ ಆರತಿ ಎತ್ತುತ್ತಿದ್ದರು.

“ಮದ್ಲ ನೋಡ್ಕೊಂಡು ಒತ್ತಬೇಕಿತ್ತು,” ಎಂದ ಶಿವಲಿಂಗ. ಆಮೇಲೆ ಅವನು ಹ್ಯಾಂಡಿಕ್ಯಾಮಿನಲ್ಲಿ ಏನನ್ನೂ ತೆಗೆಯಲಿಲ್ಲ.

*

“ಟೇಪಿನಾಗಿನ ಅವ್ವನ್ನ ಅಳಿಸಿದಾಂವ ಅಂತ ಎಷ್ಟ್ ಕಾಡೇವಿ ದೊಡ್ಡಣ್ಣನ್ನ,” ಪ್ರಮಿಳಾ ಒಳಗೆ ಬಂದು ಗೌರವ್ವನ ಬಾಜು ಕುಳಿತಳು. “ಒಮ್ಮೆನೂ ಸಿಟ್ಟಿಗೇಳಲಿಲ್ಲ. ಹೌದವಾ, ನಂದಽ ತಪ್ಪು ಅಂತಿದ್ದ.”

ಬಾಳೇಶ ಚಾರ್ಜರು ಸಿಕ್ಕಿಸಿದ. ಕೆಂಪು ದೀಪ ಹತ್ತಿತು. ಇಯರ್‌ಫೋನನ್ನು ಕ್ಯಾಮೆರಾಕ್ಕೆ ಚುಚ್ಚಿದ. ಅದನ್ನು ಚುಚ್ಚಿದರೆ ಹೊರಗೆ ಸದ್ದು ಬರುವುದಿಲ್ಲ. “ಮದ್ಲ ನಾ ನೋಡ್ತೀನಿ,” ಎಂದ.

ಆರತಿ, ಹಾಡು, ಎಳೆಯ ಪ್ರಮಿಳಾ. ಚಿತ್ರ ಚೌಕ ಚೌಕವಾಗಿ ಒಡೆಯಿತು. ಮತ್ತೆ ಕೂಡಿಕೊಂಡಾಗ ಅವ್ವ ಬಾಚಣಿಗೆ ಹಿಡಿದು ಕುಳಿತಿದ್ದಳು.

“ಸಾಕು, ಬಂದ್ ಮಾಡೊ. ಬಾಳೇಶಗ ಇದನ್ನ ತೋರಸಬ್ಯಾಡ.”

“ಯಾಕ?” ಅಣ್ಣನ ದನಿ, ಲೆನ್ಸಿನ ಹಿಂದಿನಿಂದ, ತೀರ ಹತ್ತಿರ.

“ಅವ್ವ ನನ್ನ ಕ್ಯಾಮೆರಾದ ಮುಂದ ಕುಂದರಲಿಲ್ಲ ಅಂತ ಹೊಟ್ಟ್ಯಾಗ ಇಟ್ಕೋತಾನ. ಸಣ್ಣಾಂವ ಇದ್ದಾಗಿಂದ ಹಂಗಽ ಅಂವ.”

“ಮತ್ತ ಅವನ ಮುಂದ ಮುಖಾ ಯಾಕ ಮುಚ್ಕೋತಿ?”

“ಅಂವ ಚಂದ ಚಂದ ಮಂದೀನ ತಗ್ಯಾಂವಪಾ. ಈ ಬೊಚ್ಚ ಬಾಯಿ ಅವನ ಕ್ಯಾಮೆರಾದಾಗ ಬ್ಯಾಡ.”

“ಅಂವಗ ತೋರಸಾಕಂತನಽ ತಗದೀನಿ, ಅವ್ವಾ.”

ಪರದೆ ನೀಲಿಯಾಯಿತು.

“ಏನಂದ್ರು ಅತ್ತಿಯವರು?” ಗೌರವ್ವ ಬಾಗಿ ಕೇಳಿದಳು.

ಬಾಳೇಶ ಇಯರ್‌ಫೋನನ್ನು ಕಿವಿಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿದ. “ದನಿ ಬರವಲ್ದು, ವೈನಿ. ಚಿತ್ರಷ್ಟ ಐತಿ. ಟೇಪ್ ಹಾಳಾಗೇತಿ.”

ಗೌರವ್ವ ಅವನನ್ನೇ ನೋಡಿದಳು. “ಮತ್ತ ಅವರು ಪ್ರತಿ ವರ್ಷ ಏನ್ ಕೇಳತಿದ್ರು?”

ಅಷ್ಟರಲ್ಲಿ ಹೊರಗಿನಿಂದ ಕ್ರಿಯೆ ಮಾಡಿಸಲು ಬಂದಿದ್ದ ಚನ್ನಬಸಯ್ಯ ಸ್ವಾಮಿಗಳು ಕರೆದರು. “ಹೊತ್ತಾತು, ಬರ್ರೆಪಾ. ಬಾಳೇಶ, ಅಣ್ಣಗ ಹೆಗಲ ಕೊಡು.”

ಹೆಣ ಹೊರುವ ಬಾಳೆದಿಂಡಿನ ವಿಮಾನದಲ್ಲಿ ಶಿವಲಿಂಗ ಕುಳಿತೇ ಹೊರಟ. ಭಜನೆಯವರು ಮುಂದೆ. ಮುಂದಿನ ಬಲಗಡೆ ಬಾಳೇಶನ ಹೆಗಲು. ಅಂಗಡಿಗಳವರು ಎದ್ದು ನಿಂತು ಕೈ ಮುಗಿದರು, ಎಲ್ಲರೂ ಮೇಲೆ ಕುಳಿತವನಿಗೆ.

ಹೊಲದ ಬದುವಿನಲ್ಲಿ ಕುಣಿ ತಯಾರಾಗಿತ್ತು. ಒಳಗೆ ಇಳಿಸಿ, ಗೂಡಿನಲ್ಲಿ ಕುಳ್ಳಿರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟರು. ವಿಭೂತಿ, ಪತ್ರಿ ಹಾಕಲು ಮಂದಿ ಸಾಲಾಗಿ ಬಂದರು. ಗೌರವ್ವ ಸೆರಗಿನ ಗಂಟು ಬಿಚ್ಚಿ ಹ್ಯಾಂಡಿಕ್ಯಾಮಿನ ಆ ಪುಟ್ಟ ಕ್ಯಾಸೆಟ್ ತೆಗೆದಳು. ಬೆನ್ನಿನ ಕೆಂಪು ಟ್ಯಾಬನ್ನು ಶಿವಲಿಂಗ ಎಂದೋ ಸರಿಸಿಟ್ಟಿದ್ದ, ಮತ್ತೆ ಅದರ ಮೇಲೆ ಏನೂ ಮೂಡದಂತೆ.

“ನಮಗ ಕೇಳಸಲಾರದ್ದು ನಮಗ್ಯಾಕ, ಸ್ವಾಮ್ಯಾರ? ಅವರ ಜೋಡಿನಽ ಇಡ್ರಿ.”

ಚನ್ನಬಸಯ್ಯ ಬಾಳೇಶನ ಕಡೆ ನೋಡಿದರು. “ಏನಂತಿ, ತಮ್ಮಾ? ನಿನಗ ಇದರಾಂದು ತಿಳೀತೈತಿ. ಉಪಯೋಗ ಇಲ್ಲಂದ್ರ ಇಡೂಣು.”

ಬಾಳೇಶನ ಜೇಬಿನಲ್ಲಿ ಇಯರ್‌ಫೋನಿನ ವೈರು ಬೆರಳಿಗೆ ಸುತ್ತಿಕೊಂಡಿತ್ತು.

“ಇಡ್ರಿ,” ಎಂದ.

ಕ್ಯಾಸೆಟ್ಟನ್ನು ಶಿವಲಿಂಗನ ಬಲಗೈಗೆ ಕೊಟ್ಟು ಬೆರಳು ಮಡಚಿದರು. ಮೊದಲ ಮಣ್ಣು ಮೊಳಕಾಲಿನವರೆಗೆ ಬಂತು. ಆಮೇಲೆ ಕೈ ಮುಚ್ಚಿತು, ಎದೆ ಮುಚ್ಚಿತು. ಅವ್ವ ಈ ಸಲವೂ ಅಣ್ಣನ ಹತ್ತಿರವೇ ಉಳಿದಳು.

ಟೇಪಿನಲ್ಲಿ ದನಿ ಇದೆ ಎಂದು ಬಾಳೇಶ ಹೇಳಲಿಲ್ಲ. ಆ ಟೇಪನ್ನು ಹದಿನೇಳು ವರ್ಷದ ಹಿಂದೆಯೇ ನೋಡಿ, ಶುರುವಿಗೆ ಸುತ್ತಿಟ್ಟವನು ತಾನೇ ಎಂದೂ ಹೇಳಲಿಲ್ಲ.