ಗೌಂಡಿಗಳ ಪಿಂಚಣಿ ಕಂಡ ರಸಮಟ್ಟ

ನಾನು ಒಂದು ರಸಮಟ್ಟ. ಹುಬ್ಬಳ್ಳಿ ಕಡೆ ಗೋಡೆ ಕಟ್ಟುವವರಿಗೆ ಗೌಂಡಿ ಎನ್ನುತ್ತಾರೆ, ಆ ಗೌಂಡಿಗಳು ನನಗೆ ಲೆವಲ್ ಎನ್ನುತ್ತಾರೆ. ಯಾವ ಹೆಸರಿನಿಂದ ಕರೆದರೂ ನನ್ನ ಕೆಲಸ ಒಂದೇ. ಇಟ್ಟ ಜಾಗ ಸಮನಾಗಿದೆಯೋ ಓರೆಯಾಗಿದೆಯೋ ಎಂದು ಹೇಳುವುದು. ನನ್ನ ಮೈ ಬೀಟೆಮರದ್ದು, ಎರಡು ತುದಿಗೂ ಹಿತ್ತಾಳೆಯ ಕಟ್ಟು, ನಡುವೆ ಬೆರಳುದ್ದದ ಗಾಜಿನ ಕೊಳವೆ. ಕೊಳವೆಯೊಳಗೆ ಹಳದಿ ದ್ರವ, ಅದರಲ್ಲೊಂದು ಗಾಳಿಯ ಗುಳ್ಳೆ. ಗುಳ್ಳೆ ಎರಡು ಕಪ್ಪು ಗೆರೆಗಳ ನಡುವೆ ನಿಂತರೆ ಜಾಗ ಸಮ. ಇಷ್ಟೇ ನನ್ನ ವಿದ್ಯೆ. ಈ ವಿದ್ಯೆಯ ಬಗ್ಗೆ ನನಗೆ ಜಂಬ ಇದೆ, ಅದನ್ನು ಮುಚ್ಚಿಡುವುದಿಲ್ಲ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ತಗಡಿನ ಶೆಡ್ಡಿನಲ್ಲಿ. ನನ್ನನ್ನು ಮಾಡಿದ ಮುದುಕ ಗಾಜು ಕೂರಿಸುವಾಗ ಉಸಿರು ಬಿಗಿಹಿಡಿದು ಕೂತಿದ್ದ. ಮುಗಿದ ಮೇಲೆ ನನ್ನನ್ನು ಹಾಸುಗಲ್ಲಿನ ಮೇಲಿಟ್ಟು ನೋಡಿ, ತೃಪ್ತಿಯಿಂದ ಎಲೆ ಅಡಿಕೆ ಹಾಕಿಕೊಂಡ. ಅಲ್ಲಿಂದ ಲಾರಿ ಹತ್ತಿ ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗೆ ಬಂದೆ. ಬೀಗ, ಮೊಳೆ, ಬಣ್ಣದ ಡಬ್ಬಿಗಳ ನಡುವೆ ನನಗೊಂದು ಜಾಗ ಸಿಕ್ಕಿತು. ಆ ಅಂಗಡಿಯ ಕಪಾಟು ಓರೆಯಾಗಿತ್ತು. ಮೊದಲ ದಿನದಿಂದಲೇ ಹೇಳುತ್ತಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನನ್ನು ಮೊದಲು ಕೊಂಡವನು ಒಬ್ಬ ಗುತ್ತಿಗೆದಾರ. ಅವನ ಅವಸರಕ್ಕೆ ಕಟ್ಟಿದ್ದೆಲ್ಲ ಸೊಟ್ಟ. ಮನೆಯ ಯಜಮಾನರು ನೋಡಲು ಬಂದಾಗ ನನ್ನ ಒಂದು ತುದಿಯ ಕೆಳಗೆ ಬೀಡಿ ಪೊಟ್ಟಣದ ರಟ್ಟು ತೂರಿಸುತ್ತಿದ್ದ. ಗುಳ್ಳೆ ನಡುವೆ ಬಂದು ನಿಲ್ಲುತ್ತಿತ್ತು. "ನೋಡ್ರಿ ಸಾಹೇಬ್ರ, ಕನ್ನಡಿ ಇದ್ದಂಗ ಐತಿ" ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೊಂದು ದಿನ ಒಬ್ಬ ಯಜಮಾನರಿಗೆ ಅನುಮಾನ ಬಂದು ಬೇರೆ ಗೌಂಡಿಯನ್ನು ಕರೆಸಿದರು. ಗುತ್ತಿಗೆದಾರ ನಾಚಿಕೆಯಿಲ್ಲದೆ, "ಈ ಲೆವಲ್ಲೇ ಸುಳ್ಳು ಐತ್ರಿ" ಎಂದು ನನ್ನನ್ನು ಉಸುಕಿನ ಗುಡ್ಡೆಗೆ ಎಸೆದು ಹೋದ.

ಬಂದ ಗೌಂಡಿಯ ಹೆಸರು ಮೈಲಾರಪ್ಪ. ಅವನು ನನ್ನನ್ನು ಎತ್ತಿ ಉಸುಕು ಒರೆಸಿದ. ಒಂದು ಹಲಗೆಯ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿತು ನೋಡಿದ. ಆಮೇಲೆ ನನ್ನ ಎಡತುದಿಯನ್ನು ಬಲಕ್ಕೆ ತಿರುಗಿಸಿ, ಅದೇ ಜಾಗದಲ್ಲಿಟ್ಟು ಮತ್ತೆ ನೋಡಿದ. ತಿರುಗಿಸಿದರೂ ಗುಳ್ಳೆ ಅಲ್ಲೇ ನಿಂತರೆ ಲೆವಲ್ ನಿಜ ಹೇಳುತ್ತದೆ ಎಂದು ಅರ್ಥ. ಒಳ್ಳೆಯ ಗೌಂಡಿ ಹೀಗೆ ಎರಡು ಕಡೆಯಿಂದ ನೋಡದೆ ಯಾವ ಲೆವಲ್ಲನ್ನೂ ನಂಬುವುದಿಲ್ಲ. ನನ್ನ ಗುಳ್ಳೆ ಕದಲಲಿಲ್ಲ. "ತಪ್ಪು ನಿಂದಲ್ಲ ಬಿಡಪಾ" ಎಂದು ಮೈಲಾರಪ್ಪ ನನ್ನನ್ನು ಚೀಲಕ್ಕೆ ಹಾಕಿಕೊಂಡ. ಅವತ್ತಿನಿಂದ ನಾನು ಅವನವನಾದೆ.

ಮುಂದೆ ಮೈಲಾರಪ್ಪನಿಗೆ ಊರಾಚೆಯ ಯಂತ್ರದ ಕಾರ್ಖಾನೆಯಲ್ಲಿ ಕಾಯಂ ಕೆಲಸ ಸಿಕ್ಕಿತು. ಅಲ್ಲಿನ ಕಟ್ಟಡಗಳನ್ನು ಕಟ್ಟಿ ನೋಡಿಕೊಳ್ಳಲು ಗೌಂಡಿಗಳು, ಬಡಗಿಗಳು, ವಾಯರ್‌ಮನ್‌ಗಳು, ಪ್ಲಂಬರ್‌ಗಳು ಎಂದು ಕಸುಬಿಗೊಂದು ಗುಂಪು. ಎಲ್ಲರೂ ಒಂದೇ ಯೂನಿಯನ್ನಿನವರು. ಮೈಲಾರಪ್ಪ ಗೌಂಡಿಗಳ ಮೇಸ್ತ್ರಿಯಾದ. ಗೋಡೆ ಎಬ್ಬಿಸುವಾಗ ಮೊದಲು ಮೇಸ್ತ್ರಿ ಮೂಲೆ ಕಟ್ಟಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ದಾರ ಎಳೆದು ಉಳಿದವರು ನಡುವೆ ಇಟ್ಟಿಗೆ ತುಂಬುತ್ತಾರೆ. ಅವನು ಮೂಲೆ ಕಟ್ಟದೆ ಯಾರೂ ಇಟ್ಟಿಗೆ ಮುಟ್ಟುವಂತಿಲ್ಲ. ಈ ಅಭ್ಯಾಸ ಗೌಂಡಿಗಳಿಗೆ ಎಷ್ಟು ಮೈಗೂಡಿತ್ತೆಂದರೆ, ಚಹಾದ ಅಂಗಡಿಯಲ್ಲೂ ಮೇಸ್ತ್ರಿ ಮೊದಲ ಗುಟುಕು ಕುಡಿಯಲಿ ಎಂದು ಕಾಯುತ್ತಿದ್ದರು. ನನಗೆ ನಗು ಬರುತ್ತಿತ್ತು.

ಕಾರ್ಖಾನೆ ತನ್ನ ನಿವೃತ್ತ ಕೆಲಸಗಾರರಿಗೆ ತಾನೇ ಪಿಂಚಣಿ ಕೊಡುತ್ತಿತ್ತು. ಕೈತುಂಬ ಕೊಡುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಕೆಲಸಗಾರ ಸತ್ತ ತಿಂಗಳೇ ಅದು ನಿಂತುಹೋಗುತ್ತಿತ್ತು, ಹೆಂಡತಿಗೆ ಏನೂ ಇಲ್ಲ. ಸರ್ಕಾರದ ಪಿಂಚಣಿ ಯೋಜನೆಯಲ್ಲಿ ತಿಂಗಳಿಗೆ ಸ್ವಲ್ಪ ಕಡಿಮೆ ಬರುತ್ತಿತ್ತು, ಆದರೆ ಗಂಡ ಸತ್ತ ಮೇಲೆ ಅದರ ಅರ್ಧ ಹೆಂಡತಿಗೆ ಅವಳು ಬದುಕಿರುವವರೆಗೂ ಸಿಗುತ್ತಿತ್ತು. ತಮ್ಮನ್ನು ಅದಕ್ಕೆ ಸೇರಿಸಿ ಎಂದು ಯೂನಿಯನ್ ವರ್ಷಗಟ್ಟಲೆ ಕೇಳಿತ್ತು. ಕಾರ್ಖಾನೆಗೆ ಹೊಸ ಮಾಲೀಕರು ಬಂದಾಗ ಅಂತೂ ಒಪ್ಪಿಗೆ ಸಿಕ್ಕಿತು. ಆದರೆ ಶರತ್ತುಗಳಿದ್ದವು. ಹೋಗುವುದಾದರೆ ಒಂದು ಕಸುಬಿನವರೆಲ್ಲ ಒಟ್ಟಿಗೆ ಹೋಗಬೇಕು, ಇಲ್ಲವಾದರೆ ಎಲ್ಲರೂ ಉಳಿಯಬೇಕು. ಆ ಕಸುಬಿನ ಅರ್ಧಕ್ಕಿಂತ ಹೆಚ್ಚು ಕೈ ಮೇಲೇಳಬೇಕು. ದಸರೆಯೊಳಗೆ ಆಗಬೇಕು, ಆಮೇಲೆ ಮತ್ತೆ ಅವಕಾಶ ಇಲ್ಲ.

ಬಡಗಿಗಳು ಕೈ ಎತ್ತಿದರು, ಹೋದರು. ವಾಯರ್‌ಮನ್‌ಗಳು, ಪ್ಲಂಬರ್‌ಗಳು ಹೋದರು. ಗೌಂಡಿಗಳ ಸಭೆ ಬಡಗಿಗಳ ಶೆಡ್ಡಿನಲ್ಲಿ ಸೇರಿತು. ನಾನು ಮೈಲಾರಪ್ಪನ ಚೀಲದಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದೆ. ಯೂನಿಯನ್ನಿನ ಕಾರ್ಯದರ್ಶಿ ಜಿನ್ನಪ್ಪ ಎಲ್ಲವನ್ನೂ ಬಿಡಿಸಿ ಹೇಳಿ, "ಒಪ್ಪಿಗಿ ಇದ್ದವರು ಕೈ ಎತ್ತರಿ" ಎಂದ. ಮೈಲಾರಪ್ಪ ಕೈಕಟ್ಟಿ ಕೂತಿದ್ದ. ಅಷ್ಟೂ ಗೌಂಡಿಗಳು ಅವನ ಮುಖ ನೋಡಿದರು. ಮೇಸ್ತ್ರಿ ಮೂಲೆ ಕಟ್ಟಲಿಲ್ಲ, ಒಂದು ಕೈಯೂ ಏಳಲಿಲ್ಲ.

ಜಿನ್ನಪ್ಪ ಹತ್ತಿರ ಬಂದು ಅಂಗಲಾಚಿದ. "ಮೇಸ್ತ್ರಿ, ನಿಮ್ಮ ಕೈ ಎದ್ರ ಎಲ್ಲಾರ ಕೈನೂ ಏಳ್ತಾವ. ದಸರಿ ಮುಂಚೆ ಇನ್ನೊಂದು ಸಭಾ ಇಡತೀನಿ, ವಿಚಾರ ಮಾಡ್ರಿ."

"ವಿಚಾರ ಏನು ಮಾಡೂದೈತಿ? ನಾ ಬದುಕಿರೋತನಕ ಇಲ್ಲೇ ಹೆಚ್ಚು ಬರತೈತಿ" ಎಂದ ಮೈಲಾರಪ್ಪ. ನನ್ನ ಯಜಮಾನ ಹೀಗೆ ಒಂದೇ ಕಣ್ಣಿನಿಂದ ನೋಡಿದ್ದು ನನಗೆ ಸರಿಬರಲಿಲ್ಲ. ಆದರೆ ರಸಮಟ್ಟಕ್ಕೆ ಬಾಯಿ ಎಲ್ಲಿದೆ?

ಬಾಯಿ ಇದ್ದವಳು ಮನೆಯಲ್ಲಿದ್ದಳು. ಅವನ ಹೆಂಡತಿ ದ್ಯಾಮವ್ವ. ಮದುವೆಗೆ ಮೊದಲು ಅವಳೂ ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತವಳು, ನನ್ನಂಥವರ ಭಾಷೆ ಬಲ್ಲವಳು. ಅವರ ಓಣಿಯಲ್ಲೇ ಪಾರವ್ವ ಎಂಬ ಹೆಂಗಸು ಇದ್ದಳು. ಅವಳ ಗಂಡನೂ ಅದೇ ಕಾರ್ಖಾನೆಯಲ್ಲಿ ಗೌಂಡಿಯಾಗಿದ್ದವನು. ಅವನು ತೀರಿಕೊಂಡ ಮೇಲೆ ಪಿಂಚಣಿ ನಿಂತು, ಅರವತ್ತು ದಾಟಿದ ವಯಸ್ಸಿನಲ್ಲಿ ಅವಳು ಕಂಡವರ ಮನೆಯ ಪಾತ್ರೆ ತೊಳೆಯುತ್ತಿದ್ದಳು. ದ್ಯಾಮವ್ವ ದಿನಾ ಅವಳನ್ನು ನೋಡುತ್ತಿದ್ದಳು, ನೋಡಿ ಹೆದರುತ್ತಿದ್ದಳು.

ಮುಂದಿನ ಭಾನುವಾರ ಮೈಲಾರಪ್ಪ ಅಡುಗೆಮನೆಯಲ್ಲಿ ಗ್ಯಾಸ್ ಒಲೆಗೆಂದು ಕಡಪಾ ಕಲ್ಲಿನ ಕಟ್ಟೆ ಕೂರಿಸುತ್ತಿದ್ದ. ನನ್ನನ್ನು ಕಲ್ಲಿನ ಮೇಲಿಟ್ಟು ನೋಡಿದ. ತಿರುಗಿಸಿ ಇಟ್ಟು ಮತ್ತೆ ನೋಡಿದ.

"ಒಮ್ಮೆ ಸರಿ ಬಂತಲ್ರಿ, ಮತ್ಯಾಕ ತಿರುಗಿಸ್ತೀರಿ?" ಎಂದಳು ದ್ಯಾಮವ್ವ.

"ಒಂದ ಕಡಿಯಿಂದ ನೋಡಿ ನಂಬಾಕ ಆಗೂದಿಲ್ಲ. ಇಷ್ಟು ವರ್ಷ ನನ್ನ ಕೂಡ ಇದ್ದು ಅಷ್ಟೂ ಗೊತ್ತಿಲ್ಲೇನು ನಿನಗ?"

"ನನಗ ಗೊತ್ತೈತ್ರಿ. ನಿಮಗ ಗೊತ್ತೈತೋ ಇಲ್ಲೋ ಅಂತ ಕೇಳಿದೆ. ಪಿಂಚಣಿ ಒಂದ ಕಡಿಯಿಂದ ನೋಡೀರಿ, ನೀವು ಬದುಕಿರೋ ಕಡಿಯಿಂದ. ಈಗ ತಿರುಗಿಸಿ ಇಡ್ರಿ. ನೀವು ಇಲ್ಲ, ನಾ ಅದೀನಿ. ಗುಳ್ಳಿ ಎಲ್ಲಿ ನಿಂತೈತಿ ಹೇಳ್ರಿ."

ಮೈಲಾರಪ್ಪನ ಮುಖ ಕೆಂಪಾಯಿತು. "ನನ್ನ ಸಾಯಿಸಾಕ ನಿಂತೀಯೇನು?"

"ಸಾಯ್ರಿ ಅನ್ನಾಕತ್ತಿಲ್ಲ. ಲೆವಲ್ ಹಿಡೀರಿ ಅನ್ನಾಕತ್ತೀನಿ."

ಭೇಷ್ ಎಂದುಕೊಂಡೆ. ನನ್ನ ಆಯುಷ್ಯದಲ್ಲಿ ನನ್ನ ವಿದ್ಯೆಯನ್ನು ಇಷ್ಟು ಚೆನ್ನಾಗಿ ಬಳಸಿದವರನ್ನು ಕಂಡಿರಲಿಲ್ಲ. ಮೈಲಾರಪ್ಪ ಕಟ್ಟೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ. ಅವಳು ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಆಮೇಲೆ ಕೇಳಿದ, "ಪಾರವ್ವ ಈಗ ಯಾರ ಮನ್ಯಾಗ ಪಾತ್ರಿ ತೊಳಿತಾಳ?"

"ಮೊದಲು ಎರಡು ಮನಿ ಇದ್ವು. ಈಗ ನಾಕು" ಎಂದಳು ದ್ಯಾಮವ್ವ.

ಮರುದಿನ ಅವನು ಎಲ್ಲ ಗೌಂಡಿಗಳಿಗೂ ಒಂದು ಅಪ್ಪಣೆ ಹೊರಡಿಸಿದ. ಸಭೆಗೆ ಬರುವವರು ಮನೆಯವರನ್ನು ಕರೆದುಕೊಂಡೇ ಬರಬೇಕು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನಾದ ಸಂಗಪ್ಪ, "ನನಗ ಇನ್ನೂ ಲಗ್ನನ ಆಗಿಲ್ಲ ಮೇಸ್ತ್ರಿ" ಎಂದ. "ಅವ್ವ ಅದಾಳಲ್ಲ, ಕರ್ಕೊಂಡು ಬಾ" ಎಂದ ಮೈಲಾರಪ್ಪ.

ಸಭೆಯ ದಿನ ಬಡಗಿಗಳ ಶೆಡ್ಡು ಸೀರೆಗಳಿಂದ ತುಂಬಿಹೋಯಿತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಕಾರ್ಯದರ್ಶಿ ಜಿನ್ನಪ್ಪ ಕಕ್ಕಾಬಿಕ್ಕಿಯಾದ. "ಮೇಸ್ತ್ರಿ, ಹೆಂಗಸರ ಕೈ ಲೆಕ್ಕಕ್ಕ ಬರೂದಿಲ್ಲ" ಎಂದ.

"ಲೆಕ್ಕಕ್ಕ ಬ್ಯಾಡ. ಕಂಡ್ರ ಸಾಕು" ಎಂದ ಮೈಲಾರಪ್ಪ. ನನ್ನನ್ನು ಚೀಲದಿಂದ ತೆಗೆದು ಕೈಯಲ್ಲಿ ಹಿಡಿದು ಎದ್ದು ನಿಂತ. ಅವನಿಗೆ ಭಾಷಣ ಬರುತ್ತಿರಲಿಲ್ಲ. "ನಾ ಒಂದ ಕಡಿಯಿಂದ ನೋಡಿ ಕುಂತಿದ್ದೆ. ತಿರುಗಿಸಿ ನೋಡಿದ್ರ ಓರಿ ಐತಿ. ಇವತ್ತ ಮೂಲಿ ನಾ ಕಟ್ಟೂದಿಲ್ಲ. ಅವರು ಕಟ್ಟಲಿ" ಎಂದು ಹೆಂಗಸರ ಕಡೆ ಕೈ ತೋರಿಸಿದ.

ದ್ಯಾಮವ್ವ ಪಾರವ್ವನನ್ನೂ ಜೊತೆಗೆ ತಂದಿದ್ದಳು. ಪಾರವ್ವ ಕೂತಲ್ಲಿಂದಲೇ, "ಅವರು ಹೋದ ತಿಂಗಳನ ನಿಂತುಹೋತ್ರಿ. ನನಗಂತೂ ಇದು ಸಿಗೂದಿಲ್ಲ. ನಿಮಗರ ಸಿಗಲಿ" ಎಂದಳು. ಆಮೇಲೆ ಬಳೆಗಳ ಸದ್ದಾಯಿತು. ಮೊದಲು ದ್ಯಾಮವ್ವನ ಕೈ, ಅವಳ ಪಕ್ಕದವಳದು, ಹಿಂದಿನವಳದು, ನೋಡನೋಡುತ್ತ ಹೆಂಗಸರ ಕಡೆ ಅಷ್ಟೂ ಕೈಗಳು ಮೇಲಿದ್ದವು. ಸಂಗಪ್ಪನ ಅವ್ವ ಎರಡೂ ಕೈ ಎತ್ತಿದಳು. ಗಂಡಸರು ತಮ್ಮ ತಮ್ಮ ಹೆಂಡತಿಯ ಕೈ ನೋಡಿದರು. ಮನೆಗೆ ಹೋಗಿ ಊಟ ಮಾಡಬೇಕಲ್ಲ! ಒಬ್ಬ ಎತ್ತಿದ, ಇಬ್ಬರು ಎತ್ತಿದರು, ಆಮೇಲೆ ಎಣಿಸುವುದೇ ಬೇಕಾಗಲಿಲ್ಲ. ಕೊನೆಯದಾಗಿ ಮೈಲಾರಪ್ಪ ಎತ್ತಿದ. ಅವನ ಕೈಯಲ್ಲಿ ನಾನಿದ್ದೆ.

ನಾನು ಜೀವಮಾನವಿಡೀ ಮನುಷ್ಯರನ್ನು ಕೆಳಗಿನಿಂದ ನೋಡಿದವನು. ಅವತ್ತು ಎಲ್ಲರಿಗಿಂತ ಮೇಲಿದ್ದೆ. ಕೆಳಗೆ ಸಿಮೆಂಟು ತಿಂದು ಒಡೆದ ಕೈಗಳು, ಬಳೆ ತೊಟ್ಟ ಕೈಗಳು, ಎಲ್ಲ ಒಟ್ಟಿಗೆ. ಜಿನ್ನಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಗೌಂಡಿಗಳು ಸಿಳ್ಳೆ ಹೊಡೆದರು, ಹೊರಗೆ ಯಾರೋ ಪಟಾಕಿ ಹಚ್ಚಿದರು. ಶೆಡ್ಡಿನ ತೊಲೆ ಓರೆಯಾಗಿರುವುದು ಅಷ್ಟು ಮೇಲಿನಿಂದ ನನಗೆ ಚೆನ್ನಾಗಿ ಕಂಡಿತು. ಆದರೆ ಖುಷಿಯಲ್ಲಿದ್ದೆ, ಸುಮ್ಮನಾದೆ.

ಮೈಲಾರಪ್ಪ ನಿವೃತ್ತನಾದ. ಶಾಲು, ಹಾರ ಎಲ್ಲ ಆಯಿತು. ಪ್ರತಿ ತಿಂಗಳು ಪಿಂಚಣಿ ಬಂದಾಗ, "ಅಲ್ಲೇ ಇದ್ದಿದ್ರ ಹೆಚ್ಚು ಬರತಿತ್ತು" ಎಂದು ಗೊಣಗುತ್ತಿದ್ದ. "ಗೊಣಗ್ರಿ, ಗೊಣಗಾಕ ರೊಕ್ಕ ಬೀಳೂದಿಲ್ಲ" ಎನ್ನುತ್ತಿದ್ದಳು ದ್ಯಾಮವ್ವ. ಹೀಗೆ ಗೊಣಗುತ್ತ, ನಗುತ್ತ ಒಂಬತ್ತು ವರ್ಷ ಕಳೆದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ನನಗೆ ತುಂಬ ದುಃಖವಾಯಿತು. ಉಸುಕಿನ ಗುಡ್ಡೆಯಿಂದ ನನ್ನನ್ನು ಎತ್ತಿದ ಕೈ ಅದು.

ಈಗ ನಾನು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಮಲಗಿದ್ದೇನೆ. ಹಿತ್ತಾಳೆ ಕಪ್ಪಾಗಿದೆ, ಕೊಳವೆಯ ದ್ರವ ಆರುತ್ತಿದೆ, ಗುಳ್ಳೆ ದಪ್ಪವಾಗಿ ಗೆರೆಗಳ ನಡುವೆ ಹಿಡಿಸುವುದೇ ಇಲ್ಲ. ಇನ್ನು ಯಾವ ಗೋಡೆಯನ್ನೂ ನಾನು ಅಳೆಯಲಾರೆ. ಅದಕ್ಕೆ ಬೇಸರವಿಲ್ಲ. ಸರಿಯಾದ ಕೆಲಸಕ್ಕೆ ಒಮ್ಮೆಯಾದರೂ ಬಳಕೆಯಾದೆನಲ್ಲ, ಅಷ್ಟು ಸಾಕು.

ಕಳೆದ ತಿಂಗಳು ದ್ಯಾಮವ್ವನ ಹೆಸರಿಗೆ ಮೊದಲ ಪಿಂಚಣಿ ಬಂತು. ಬ್ಯಾಂಕಿನಿಂದ ಬಿಸಿಲಲ್ಲಿ ನಡೆದು ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಒಳಗೆ ಬಂದಳು. ಗೋಡೆಯ ಮೇಲಿನ ಮೈಲಾರಪ್ಪನ ಫೋಟೋದ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು ಇತ್ತು.

"ನೋಡ್ರಿ," ಎಂದಳು, "ಸತ್ತ ಮ್ಯಾಲೂ ನಿಮ್ಮನ್ನ ದುಡಿಯಾಕ ಹಚ್ಚೀನಿ."